ಬಾಲದ 40 ಗ್ರಾಂ

"ದೊಡ್ಡ ಬ್ಯಾಟರಿ ಹಾಕು, ಹಾರಾಟದ ಸಮಯ ತಾನೇ ಹೆಚ್ಚುತ್ತೆ" ಅಂತ ಜೊತೆಗೆ ಹಾರಿಸುವವರೆಲ್ಲ ಹೇಳಿದ್ದರು. ರಿಮೋಟ್‌ನಲ್ಲಿ ಹಾರಿಸುವ ನನ್ನ ಆರ್‌ಸಿ ವಿಮಾನದ 2200 ಎಂಎಎಚ್ ಬ್ಯಾಟರಿ ತೆಗೆದು 4000 ಕೂರಿಸಿದೆ. ಸಮಯವೇನೋ ಹೆಚ್ಚಿತು. ಆದರೆ ನೆಲ ಬಿಡೋಕೆ ಇನ್ನಷ್ಟು ಉದ್ದ ಓಡಬೇಕಾಯಿತು. ಇಳಿಸುವಾಗ ಅಭ್ಯಾಸಬಲದಿಂದ ಹಳೆಯ ವೇಗದಲ್ಲೇ ತಂದೆ. ಆಳೆತ್ತರದಲ್ಲಿ ಹೆಚ್ಚಿದ ಭಾರಕ್ಕೆ ಆ ವೇಗ ಸಾಲದೆ ಎಡ ರೆಕ್ಕೆ ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ದಪ್ಪನೆ ಬಿತ್ತು. ಲ್ಯಾಂಡಿಂಗ್ ಗೇರ್ ಬುಡಸಮೇತ ಕಿತ್ತು ಬಂತು, ಮೋಟರ್ ಶಾಫ್ಟ್ ಬಾಗಿತು. ಇದೇ ಕಥೆ ಇನ್ನೆರಡು ಸಲ ಆಯಿತು. ಹೊಸ ವಿಮಾನಕ್ಕೆಂದು ಎತ್ತಿಟ್ಟ ದುಡ್ಡೆಲ್ಲ ರಿಪೇರಿಗೇ ಹೋಯಿತು.

ಆಮೇಲೆ 2200ಕ್ಕೇ ಮರಳಿ, ಒಂದೊಂದೇ ಭಾಗ ಬಿಚ್ಚಿ ತೂಗಿದೆ. ಒಟ್ಟು ಸುಮಾರು 1450 ಗ್ರಾಂ. ಅದರಲ್ಲಿ 150 ಗ್ರಾಂ ಬರೀ ಮೂಗಿನ ಸೀಸ! ಬಾಲ ಭಾರ, ಅದಕ್ಕೇ ಮೂಗಿಗೆ ಸೀಸ. ಸಿಜಿಯಿಂದ (ವಿಮಾನದ ತೂಕ ಸಮತೋಲವಾಗುವ ಬಿಂದು) ಬಾಲಕ್ಕೆ 60 ಸೆಂ.ಮೀ., ಮೂಗಿಗೆ 20. ಅಂದರೆ ಬಾಲದಲ್ಲಿ 1 ಗ್ರಾಂ ಉಳಿಸಿದರೆ ಮೂಗಲ್ಲಿ 3 ಗ್ರಾಂ ಬಿಡುಗಡೆ. ಗಟ್ಟಿ ಬಾಲ್ಸಾ ಮರ ತೆಗೆದು ಹಗುರ ಹಲಗೆ ಹಾಕಿದೆ, ಒಳಗೆ ಕಿಟಕಿ ಕೊರೆದೆ, ಎಪಾಕ್ಸಿ ಅಂಟು ಕೆರೆದು ತೆಗೆದೆ. ಮೊದಲ ಬಾಲ ಅತಿ ತೆಳುವಾಗಿ, ವೇಗದಲ್ಲಿ ಪಟಪಟ ಬಡಿದು ಸೀಳಿತು. ಎರಡನೆಯದಕ್ಕೆ ಬಿಗಿ ಕೊಟ್ಟಿದ್ದು ಹೇಗೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬಾಲದಲ್ಲಿ 40, ಮೂಗಲ್ಲಿ 120. ಪೇಂಟ್ ಬದಲು ಫಿಲ್ಮ್, ಉದ್ದುದ್ದ ವೈರ್ ಕತ್ತರಿಸಿದ್ದು, ಗೇರ್‌ಗೆ ತೆಳು ತಂತಿ, ಇವೆಲ್ಲ ಸೇರಿ ಮತ್ತೆ 170 ಗ್ರಾಂ. ಕೊನೆಗೆ ತಕ್ಕಡಿ 1120 ತೋರಿಸಿತು.

ಸ್ಟಾಲ್ ವೇಗ ಇಳಿದದ್ದು ಶೇ. 12ರಷ್ಟೇ, ಅದು ತೂಕದ ವರ್ಗಮೂಲದ ಲೆಕ್ಕ. ಆದರೆ ಮೀಟರ್ ನೋಡಿ: ಸರಾಸರಿ 150 ವ್ಯಾಟ್ ಎಳೆಯುತ್ತಿದ್ದದ್ದು 100ರ ಹತ್ತಿರ ಬಂತು. ಅದೇ ಬ್ಯಾಟರಿಯಲ್ಲಿ 8 ನಿಮಿಷ ಹಾರುತ್ತಿದ್ದದ್ದು ಹನ್ನೊಂದೂವರೆ ಮುಟ್ಟಿತು. ದೊಡ್ಡ ಬ್ಯಾಟರಿ ಹಾಕು ಅಂದವರೇ ಸ್ಟಾಪ್‌ವಾಚ್ ಹಿಡಿದಿದ್ದರು.

ಹಾಗಂತ ಭಾರ ಯಾವಾಗಲೂ ಶತ್ರುವಲ್ಲ. ನಡುವೆ ಒಂದು ಗ್ಲೈಡರ್‌ಗೆ ಸಿಜಿಯ ನೇರಕ್ಕೇ 200 ಗ್ರಾಂ ಸೀಸ ಕಟ್ಟಿ ಅದೇ ಎತ್ತರದಿಂದ ಬಿಟ್ಟು ನೋಡಿದೆ. ಗಾಳಿಯಿಲ್ಲದ ದಿನ ದೂರ ಹೆಚ್ಚುಕಡಿಮೆ ಅಷ್ಟೇ, ತಲುಪಿದ್ದು ಮಾತ್ರ ಬೇಗ. ಎದುರುಗಾಳಿಯಲ್ಲಿ ಭಾರದ್ದೇ ಮುಂದೆ ಹೋಯಿತು. ದೊಡ್ಡ ಗ್ಲೈಡರ್‌ಗಳ ರೆಕ್ಕೆಗೆ ನೀರು ತುಂಬುವುದು ಇದಕ್ಕೇ.

ಈಗ ರೆಕ್ಕೆಯ ತುದಿಗಳಿಗೆ ಕೈ ಹಾಕಿದ್ದೇನೆ. ಎರಡೂ ಕಡೆ 8 ಗ್ರಾಂ ಇಳಿದಿದೆ, ರೋಲ್ (ಪಕ್ಕಕ್ಕೆ ಉರುಳುವುದು) ಆಗಲೇ ಚುರುಕಾಗಿದೆ.