ಏರಿನಲ್ಲಿ ಮಂಡಿ ನೋವು: ನನ್ನ ಹೈಬ್ರಿಡ್ ಸೈಕಲ್‌ಗೆ ಸಿಕ್ಕ ಪರಿಹಾರ

ನನ್ನ ಹೈಬ್ರಿಡ್ ಸೈಕಲ್ ಮೈಸೂರಿನ ರಿಂಗ್ ರೋಡಿನಲ್ಲಿ ಸೊಗಸಾಗಿ ಓಡುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಅತಿ ಹಗುರದ ಗೇರ್‌ನಲ್ಲೂ ಮಂಡಿ ನೋಯುತ್ತಿತ್ತು. ಹೊಸ ಸೈಕಲ್ ತಗೋ ಅಂದವರೇ ಜಾಸ್ತಿ. ಚೈನ್ ಕೂರುವ ಗೇರ್ ಚಕ್ರಗಳ ಹಲ್ಲು ಎಣಿಸಿ ನೋಡಿದೆ. ಮುಂದಿನ ಸಣ್ಣ ಚಕ್ರಕ್ಕೆ 28, ಹಿಂದಿನ ದೊಡ್ಡದಕ್ಕೂ 28. ಅಂದರೆ ಪೆಡಲ್ ಒಂದು ಸುತ್ತು, ಗಾಲಿಯೂ ಒಂದು ಸುತ್ತು. ಏರಿಗೆ ಇದು ಭಾರ.

14ರಿಂದ 34 ಹಲ್ಲಿನವರೆಗಿನ ಏಳು ಸ್ಪೀಡ್ ಫ್ರೀವೀಲ್ (ಹಿಂದಿನ ಗಾಲಿಗೆ ತಿರುಗಿಸಿ ಹಾಕುವ ಗೇರ್ ಚಕ್ರಗಳ ಗುಚ್ಛ) ತಂದೆ. ಈಗ ಪೆಡಲ್ ಒಂದು ಸುತ್ತಿಗೆ ಗಾಲಿ 0.82 ಸುತ್ತು, ಸುಮಾರು ಶೇ. 18ರಷ್ಟು ಹಗುರ. ಹಿಂದಿನ ಡಿರೇಲರ್‌ಗೆ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲು ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ನನ್ನ ಶಿಮಾನೋ ಟೂರ್ನಿ ಟಿವೈ300ಕ್ಕೆ ಹೊಂದುತ್ತದೆ.

ಕಷ್ಟದ ಕೆಲಸ ಹಳೆಯದನ್ನು ಬಿಚ್ಚುವುದೇ. ತುಳಿದಷ್ಟೂ ಫ್ರೀವೀಲ್ ಬಿಗಿಯಾಗುತ್ತಾ ಹೋಗುತ್ತದೆ ಅಲ್ವಾ? ಬಿಚ್ಚುವ ಟೂಲನ್ನು ಬೆಂಚ್ ವೈಸ್‌ಗೆ ಕಚ್ಚಿಸಿ, ಮೇಲೆ ಗಾಲಿ ಕೂರಿಸಿ, ಟೈರನ್ನು ಎರಡೂ ಕೈಯಲ್ಲಿ ಹಿಡಿದು ಬಸ್ಸಿನ ಸ್ಟೀರಿಂಗ್‌ನಂತೆ ಎಡಕ್ಕೆ ತಿರುಗಿಸಿದೆ. ಟಕ್ ಅಂತ ಬಿಟ್ಟಿತು. ಗಾಲಿಯ ನಡುವಿನ ಹಬ್‌ನ ತಿರುಪು ಮರೆಗೆ (ಥ್ರೆಡ್) ಗ್ರೀಸ್ ಹಚ್ಚಿ, ಹೊಸದನ್ನು ಕೈಯಲ್ಲೇ ತಿರುಗಿಸಿ ಹಾಕಿದೆ.

ಹಿಂದಿನ ಚಕ್ರ ದೊಡ್ಡದಾದ್ದರಿಂದ ಹಳೇ ಚೈನಿನ ಉದ್ದ ಸಾಲಲ್ಲ. ಡಿರೇಲರ್‌ಗೆ ಹಾಕದೆ, ಹಿಂದೆ ಮುಂದೆ ದೊಡ್ಡ ಚಕ್ರಗಳಿಗೆ ಸುತ್ತಿ, ಎರಡು ಲಿಂಕ್ ಜಾಸ್ತಿ ಬಿಟ್ಟು ಹೊಸ ಚೈನ್ ಕತ್ತರಿಸಿದೆ. ಡಿರೇಲರ್‌ನ ಮೇಲಿನ ಪುಲ್ಲಿ (ಚೈನ್ ಹಾಯುವ ಪುಟ್ಟ ಚಕ್ರ) ಹಿಂದಿನ ದೊಡ್ಡ ಚಕ್ರದ ಹಲ್ಲಿಗೆ ಉಜ್ಜುತ್ತಿತ್ತು. ಪುಲ್ಲಿಯನ್ನು ಹಲ್ಲಿನಿಂದ ದೂರ ಸರಿಸುವ ಬಿ-ಸ್ಕ್ರೂ ಬಿಗಿ ಮಾಡಿದ ಮೇಲೆ ಸದ್ದು ನಿಂತಿತು.

ಈಗ ಬೆಟ್ಟವನ್ನು ಕೂತೇ ಹತ್ತುತ್ತೇನೆ, ಮಂಡಿ ಆರಾಮ. ಆದರೆ ಹಲ್ಲು 24ರಿಂದ ನೇರ 34ಕ್ಕೆ ಹಾರುತ್ತದೆ, ಆ ಗೇರ್ ಬದಲಾವಣೆ ಕಾಲಿಗೆ ಗೊತ್ತಾಗುತ್ತದೆ. ಕಡಿದಾದ ತಿರುವು ಬರುವ ಮೊದಲೇ ಬದಲಿಸಿ.