ಹೇರ್‌ಪಿನ್ ತಿರುವಿನಲ್ಲಿ ಒಳಅಂಚು ಬಿಡಿ

ಊಟಿಯ ಕಲ್ಹಟ್ಟಿ ಘಾಟಿಗೆ ಅಂತ ನಂದಿ ಬೆಟ್ಟದಲ್ಲಿ ಸೈಕಲ್ ಪ್ರಾಕ್ಟೀಸ್ ಮಾಡ್ತಿರೋರಿಗೆ: ಹತ್ತುವಾಗ ಯು ಆಕಾರದಲ್ಲಿ ಎಡಕ್ಕೆ ತಿರುಗೋ ಹೇರ್‌ಪಿನ್‌ಗಳಲ್ಲಿ ರಸ್ತೆಯ ಒಳಅಂಚಿಗೆ ಅಂಟಿಕೊಳ್ಳಬೇಡಿ. ನಮ್ಮ ಲೇನ್ ದಾಟದೆ, ಎಷ್ಟಾಗುತ್ತೋ ಅಷ್ಟು ಬಲಕ್ಕೆ ಸರಿದು ಅಗಲವಾಗಿ ತಿರುಗಿ. ಒಳಗಾದರೂ ಹೊರಗಾದರೂ ಏರಬೇಕಾದ ಎತ್ತರ ಒಂದೇ. ಒಳಅಂಚಲ್ಲಿ ಅದನ್ನ ಕಡಿಮೆ ದೂರದಲ್ಲೇ ಏರಬೇಕು, ಅದಕ್ಕೇ ಅಲ್ಲಿ ಅಷ್ಟು ಕಡಿದು. ದೂರ ನಾಲ್ಕು ತುಳಿತ ಜಾಸ್ತಿ ಆಗಬಹುದು, ತೊಡೆ ಉಳಿಯುತ್ತೆ. ಕಲ್ಹಟ್ಟಿಯಲ್ಲಿ ಎಡ ಬಲ ಸೇರಿ ಇಂಥ 36 ತಿರುವುಗಳಿವೆ, ಲೆಕ್ಕ ನೀವೇ ಹಾಕಿ! ಬಲ ತಿರುವುಗಳಲ್ಲಿ ನಾವು ಹೇಗೂ ಹೊರಬದಿಯಲ್ಲೇ ಇರ್ತೀವಿ, ಉಸಿರು ಸುಧಾರಿಸಿಕೊಳ್ಳೋಕೆ ಅದೇ ಜಾಗ. ಗೇರ್ ಮಾತ್ರ ತಿರುವಿಗೆ ಮೊದಲೇ ಇಳಿಸಿ. ಪೂರ್ತಿ ಭಾರ ಹಾಕಿ ತುಳೀತಿರುವಾಗ ಇಳಿಸಿದರೆ ಚೈನ್ ಕಳಚೋ ಸಾಧ್ಯತೆ ಇದೆ. ಎದುರಿನ ರಸ್ತೆ ಕಾಣದಿದ್ದರೆ, ಮಂಜಿದ್ದರೆ, ಮೇಲಿಂದ ಬಸ್ಸೋ ಲಾರಿಯೋ ಇಳೀತಿದ್ದರೆ ಈ ಉಪಾಯ ಬೇಡವೇ ಬೇಡ: ದೊಡ್ಡ ಗಾಡಿಗಳು ತಿರುಗೋಕೆ ನಮ್ಮ ಬದಿಗೂ ಬರ್ತವೆ. ಆಗ ಎಡಕ್ಕೇ ಇರಿ, ಕಾಲು ಸೋತರೆ ಇಳಿದು ತಳ್ಳಿ. ಗುಂಪಲ್ಲಿ ಹೋಗುವಾಗ ಹಿಂದೆ ನೋಡದೆ ಬಲಕ್ಕೆ ಸರಿಯಬೇಡಿ, ಹಿಂದಿನವರ ಚಕ್ರ ತಾಗುತ್ತೆ.