ಎಂಟು ಬಾರ್ ಲೂಪ್‌ನಲ್ಲೇ ಹಾಡು ನಿಂತುಬಿಟ್ಟರೆ

ಕಂಪ್ಯೂಟರ್‌ನಲ್ಲಿ ಹಾಡು ಕಟ್ಟುವಾಗ ಲೂಪ್ (ಮತ್ತೆ ಮತ್ತೆ ಸುತ್ತುವ ಎಂಟು ಬಾರ್, ಅಂದರೆ ಎಂಟು ತಾಳದ ಸುತ್ತಿನ ತುಣುಕು) ಚೆನ್ನಾಗಿದೆ, ಹಾಡು ಮಾತ್ರ ಮುಂದಕ್ಕೆ ಹೋಗ್ತಿಲ್ಲ ಅಲ್ವಾ? ಸುಮ್ನೆ ಹೊಸ ಪ್ಲಗಿನ್ (ಸದ್ದು ಸೇರಿಸುವ, ಬದಲಿಸುವ ಸಾಫ್ಟ್‌ವೇರ್) ಹುಡುಕಬೇಡಿ. ಇರುವುದನ್ನೇ ಮೂರು ನಿಮಿಷದವರೆಗೆ ಕಾಪಿ ಮಾಡಿ, ಆಮೇಲೆ ಅಲ್ಲಲ್ಲಿ ಒಂದೊಂದೇ ಟ್ರ್ಯಾಕ್ (ಒಂದು ವಾದ್ಯದ ಸಾಲು) ತೆಗೆದುಹಾಕುತ್ತಾ ಬನ್ನಿ. ಶುರುವಿನಲ್ಲಿ ಕಿಕ್ (ಡ್ರಮ್ಸ್‌ನ ದಪ್ಪ ಪೆಟ್ಟು) ಬೇಡ, ಪಲ್ಲವಿಗೆ ಬರಲಿ.

ಆಗಲೂ ಸಪ್ಪೆ ಅನಿಸಿದರೆ ನಾನು ತಮಟೆ ಹುಡುಕಿಕೊಂಡು ಹೋಗುತ್ತೇನೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ವಾದ್ಯದಿಂದಲೇ. ಬೆಂಕಿಗೆ ಕಾಯಿಸಿದ ಮೇಲೆ ರೆಕಾರ್ಡ್ ಮಾಡಿ. ಚರ್ಮ ಬಿಗಿದು ಪೆಟ್ಟು ಚುರುಕಾಗಿ ಕೇಳುತ್ತದೆ. ಫೋನ್ ಸಾಕು, ಆದರೆ ತೀರಾ ಹತ್ತಿರ ಹಿಡಿದರೆ ಸದ್ದು ಒಡೆಯುತ್ತದೆ. ಪೆಟ್ಟುಗಳನ್ನು ಗ್ರಿಡ್‌ಗೆ (ಸಾಫ್ಟ್‌ವೇರ್‌ನ ಕರಾರುವಾಕ್ಕಾದ ತಾಳದ ಗೆರೆಗಳಿಗೆ) ಕೂರಿಸಬೇಡಿ, ಕೈಯ ಆ ಹಿಂದುಮುಂದೇ ಅದರ ಜೀವ. ತಮಟೆಯ ಸದ್ದಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಬೇಸ್‌ಗೆ (ಹಾಡಿನ ತಗ್ಗು ಸ್ವರಗಳಿಗೆ) ಜಾಗ ಸಿಗುತ್ತದೆ. ಬಾರಿಸಿದವರಿಗೆ ದುಡ್ಡು ಕೊಡಿ, ಅವರ ಹೆಸರನ್ನೂ ಹಾಕಿ.